ವೆಂಬ್ಲಿಯ ಆ 21 ನಿಮಿಷ

2018ರಲ್ಲಿ ಬಂದ 'ಬೊಹೀಮಿಯನ್ ರಾಪ್ಸೊಡಿ' ಸಿನಿಮಾ ನೋಡಿದ್ದರೆ ನಿಮಗೆ ಈ ದೃಶ್ಯ ನೆನಪಿರುತ್ತೆ. ಕ್ವೀನ್ ಬ್ಯಾಂಡ್‌ನ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ರಿಹರ್ಸಲ್ ಮಧ್ಯೆ ತನಗೆ ಏಡ್ಸ್ ಬಂದಿದೆ ಅಂತ ಗೆಳೆಯರಿಗೆ ಹೇಳ್ತಾನೆ. ಆಮೇಲೆ ಲೈವ್ ಏಡ್ ವೇದಿಕೆ ಹತ್ತಿ, ಇನ್ನು ನಾಳೆ ಇಲ್ಲವೇನೋ ಅನ್ನುವ ಹಾಗೆ ಹಾಡ್ತಾನೆ. ಥಿಯೇಟರಿನಲ್ಲಿ ನನ್ನ ಕಣ್ಣೂ ಒದ್ದೆಯಾಗಿತ್ತು.

ಮನೆಗೆ ಬಂದು ವರ್ಷಗಳನ್ನು ಲೆಕ್ಕ ಹಾಕಿದೆ. ಲೈವ್ ಏಡ್ ನಡೆದದ್ದು 1985ರ ಜುಲೈ 13ರಂದು. ಸಂಗಾತಿಯಾಗಿದ್ದ ಜಿಮ್ ಹಟ್ಟನ್ ಬರೆದಿರುವ ಪ್ರಕಾರ ಫ್ರೆಡ್ಡಿಗೆ ಏಡ್ಸ್ ಖಚಿತವಾದದ್ದು 1987ರಲ್ಲಿ. ಸಿನಿಮಾದವರು ಆ ಸುದ್ದಿಯನ್ನು ಎರಡು ವರ್ಷ ಹಿಂದಕ್ಕೆ ಎಳೆದು ತಂದಿದ್ದರು.

ಸಿನಿಮಾ ಅಂದ ಮೇಲೆ ಅಷ್ಟು ಇರಲ್ವಾ ಸಾರ್, ಅಂತ ನೀವು ಕೇಳಬಹುದು. ಇರುತ್ತೆ. ಆದರೆ ಇಲ್ಲಿ ಆದದ್ದೇನು ನೋಡಿ. ಒಬ್ಬ ಮನುಷ್ಯ ಇಪ್ಪತ್ತು ವರ್ಷ ಬೆವರು ಸುರಿಸಿ ಕಲಿತ ವಿದ್ಯೆಯ ಕೀರ್ತಿ ಆತನ ಕಾಯಿಲೆಗೆ ಹೋಯ್ತು. ಹಾಗಾಗಿ ಆ ಬದುಕನ್ನು ನಡೆದ ಕ್ರಮದಲ್ಲೇ ಒಮ್ಮೆ ಹೇಳ್ತೀನಿ.

ಹುಟ್ಟಿದ್ದು 1946ರ ಸೆಪ್ಟೆಂಬರ್ 5ರಂದು, ಪೂರ್ವ ಆಫ್ರಿಕಾದ ಜಾಂಜಿಬಾರ್ ದ್ವೀಪದಲ್ಲಿ. ಹೆಸರು ಫಾರೂಕ್ ಬುಲ್ಸಾರಾ. ಪಾರ್ಸಿ ಕುಟುಂಬ, ಅಪ್ಪನಿಗೆ ಬ್ರಿಟಿಷ್ ಸರ್ಕಾರದ ನೌಕರಿ. ಬುಲ್ಸಾರಾ ಅನ್ನುವ ಹೆಸರೇ ಗುಜರಾತಿನ ವಲ್ಸಾಡ್ ಊರಿನದು. ಎಂಟು ವರ್ಷದ ಹುಡುಗನನ್ನು ಹಡಗು ಹತ್ತಿಸಿ ಮಹಾರಾಷ್ಟ್ರದ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಗೆ ಕಳಿಸಿದರು. ಫಾರೂಕ್ ಫ್ರೆಡ್ಡಿ ಆದದ್ದು ಅಲ್ಲೇ, ಆ ಹಾಸ್ಟೆಲ್ಲಿನಲ್ಲಿ. ಪಿಯಾನೋ ಕಲಿತದ್ದೂ ಅಲ್ಲೇ. ಹುಡುಗರೆಲ್ಲ ಸೇರಿ 'ಹೆಕ್ಟಿಕ್ಸ್' ಅಂತ ಬ್ಯಾಂಡ್ ಕಟ್ಟಿದರು. ಅದರಲ್ಲಿ ಮುಖ್ಯ ಹಾಡುಗಾರ ಬೇರೆ ಹುಡುಗ, ನಮ್ಮ ಫ್ರೆಡ್ಡಿ ಪಿಯಾನೋ ನುಡಿಸುತ್ತಿದ್ದ. ಮುಂದೆ ಲೋಕವನ್ನೇ ಹಾಡಿಸಿದವನು ಮೊದಲು ಮುಂದೆ ನಿಂತವನೇ ಅಲ್ಲ!

1964ರ ಜನವರಿಯಲ್ಲಿ ಜಾಂಜಿಬಾರ್‌ನಲ್ಲಿ ಕ್ರಾಂತಿ ಆಯ್ತು. ಸಾವಿರಾರು ಅರಬರು, ಭಾರತೀಯರು ಪ್ರಾಣ ಕಳೆದುಕೊಂಡರು. ಬುಲ್ಸಾರಾ ಕುಟುಂಬ ಇಂಗ್ಲೆಂಡಿಗೆ ಓಡಿತು. ಹದಿನೇಳರ ಹುಡುಗ ಲಂಡನ್ ಹೊರವಲಯದ ಫೆಲ್ಟಮ್‌ನಲ್ಲಿ ಹೊಸಬನಾದ. ಹೀಥ್ರೋ ವಿಮಾನ ನಿಲ್ದಾಣದಲ್ಲಿ ಲಗೇಜು ಎತ್ತಿದ. ಈಲಿಂಗ್ ಕಲಾಶಾಲೆಯಲ್ಲಿ ಗ್ರಾಫಿಕ್ ಡಿಸೈನ್ ಓದಿದ. ಕೆನ್ಸಿಂಗ್ಟನ್ ಮಾರುಕಟ್ಟೆಯಲ್ಲಿ ಗೆಳೆಯ ರೋಜರ್ ಟೇಲರ್ ಜೊತೆ ಹಳೇ ಬಟ್ಟೆ ಮಾರಿದ. 1970ರಲ್ಲಿ ಟೇಲರ್ ಮತ್ತು ಬ್ರಯಾನ್ ಮೇ ಜೊತೆ ಸೇರಿದಾಗ ಬ್ಯಾಂಡ್‌ಗೆ ಕ್ವೀನ್ ಅಂತ ಹೆಸರಿಟ್ಟವನು ಆತನೇ. ಲಾಂಛನ ಬರೆದವನೂ ಆತನೇ. ಮರುವರ್ಷ ಜಾನ್ ಡೀಕನ್ ಬಂದ ಮೇಲೆ ನಾಲ್ವರ ತಂಡ ಪೂರ್ತಿಯಾಯ್ತು.

1975ರಲ್ಲಿ ಫ್ರೆಡ್ಡಿ ಬರೆದ 'ಬೊಹೀಮಿಯನ್ ರಾಪ್ಸೊಡಿ' ಹಾಡು ಹತ್ತಿರ ಹತ್ತಿರ ಆರು ನಿಮಿಷ ಇತ್ತು. ಮೂರು ನಿಮಿಷದ ಹಾಡುಗಳ ಕಾಲ ಅದು. ಇಷ್ಟುದ್ದದ ಹಾಡನ್ನು ರೇಡಿಯೋದಲ್ಲಿ ಯಾರು ಹಾಕ್ತಾರೆ ಅಂತ ಕೇಳಿದವರಿದ್ದರು. ಒಂದು ಸೆಕೆಂಡೂ ಕತ್ತರಿಸಲ್ಲ ಅಂತ ಬ್ಯಾಂಡ್ ಹಟ ಹಿಡಿಯಿತು. ಬ್ರಿಟನ್ನಿನಲ್ಲಿ ಅದು ಒಂಬತ್ತು ವಾರ ಮೊದಲ ಸ್ಥಾನದಲ್ಲಿ ಕೂತಿತು.

ಈಗ ಬನ್ನಿ ವೆಂಬ್ಲಿಗೆ. ಇಥಿಯೋಪಿಯಾದ ಬರಗಾಲಕ್ಕೆ ಹಣ ಎತ್ತುವ ಕಾರ್ಯಕ್ರಮ ಲೈವ್ ಏಡ್. ಒಂದಾದ ಮೇಲೊಂದು ಬ್ಯಾಂಡ್, ಎಲ್ಲರಿಗೂ ಅಳೆದು ಕೊಟ್ಟ ಸಮಯ. ಕ್ವೀನ್ ಆಗ ಒಡೆದುಹೋದ ಬ್ಯಾಂಡ್ ಆಗಿರಲಿಲ್ಲ. ಎರಡು ತಿಂಗಳ ಹಿಂದಷ್ಟೇ ಜಪಾನಿನಲ್ಲಿ ಪ್ರವಾಸ ಮುಗಿಸಿತ್ತು. ಲಂಡನ್ನಿನ ಒಂದು ಥಿಯೇಟರ್ ಹಿಡಿದು, ಸಿಕ್ಕ ಸಮಯದೊಳಗೆ ತಮ್ಮ ಜನಪ್ರಿಯ ಹಾಡುಗಳು ಹೇಗೆ ಕೂರಬೇಕು ಅಂತ ತಾಲೀಮು ಮಾಡಿದರು. ಅವತ್ತು ಹಾಡಿದ್ದು ಸುಮಾರು 21 ನಿಮಿಷ. 72 ಸಾವಿರ ಜನ ಒಟ್ಟಿಗೆ ಚಪ್ಪಾಳೆ ಹೊಡೆದದ್ದು ಸಾಯುವವನ ಮೇಲಿನ ಕನಿಕರದಿಂದ ಅಲ್ಲ ಸ್ವಾಮಿ. ಅದು ತಾಲೀಮಿಗೆ ಸಿಕ್ಕ ಕೂಲಿ!

ಕಾಯಿಲೆ ಖಚಿತವಾದದ್ದು ಆಮೇಲೆ. ಆಗ ಆತ ಮಾಡಿದ್ದೇನು? ಕೆಲಸ. 1991ರಲ್ಲಿ, ನಿಲ್ಲುವುದೇ ಕಷ್ಟವಾಗಿದ್ದಾಗಲೂ ಸ್ವಿಟ್ಜರ್ಲೆಂಡಿನ ಮಾಂಟ್ರೂ ಸ್ಟುಡಿಯೋದಲ್ಲಿ ಹಾಡಿ ರೆಕಾರ್ಡ್ ಮಾಡುತ್ತಿದ್ದ. 'ಮದರ್ ಲವ್' ಹಾಡಿನ ಕೊನೆಯ ಚರಣ ಬಾಕಿ ಉಳಿಯಿತು. ಫ್ರೆಡ್ಡಿ ಅದಕ್ಕೆ ಮರಳಿ ಬರಲಿಲ್ಲ. ಆ ಚರಣವನ್ನು ಬ್ರಯಾನ್ ಮೇ ಹಾಡಿ ಮುಗಿಸಿದರು. 1995ರಲ್ಲಿ ಆ ಆಲ್ಬಮ್ ಹೊರಬಂತು.

ಅತ್ತ ಲಂಡನ್ನಿನ ಮನೆಯ ಗೇಟಿನ ಮುಂದೆ ಪತ್ರಿಕೆಗಳ ಕ್ಯಾಮೆರಾಗಳು ಕಾಯುತ್ತಿದ್ದವು. ಸೊರಗಿದ ಮುಖದ ಒಂದು ಫೋಟೋಗಾಗಿ. ಕೊನೆಗೆ 1991ರ ನವೆಂಬರ್ 23ರಂದು ತನಗೆ ಏಡ್ಸ್ ಇದೆ ಅಂತ ಫ್ರೆಡ್ಡಿಯೇ ಹೇಳಿಕೆ ಕೊಟ್ಟ. ಮರುದಿನ ಸಂಜೆ ತೀರಿಕೊಂಡ. ವಯಸ್ಸು 45. ಅಂತ್ಯಕ್ರಿಯೆ ನಡೆಸಿದ್ದು ಪಾರ್ಸಿ ಪುರೋಹಿತರು. ಅಸ್ಥಿ ಎಲ್ಲಿದೆ ಅನ್ನುವುದನ್ನು ಗೆಳತಿ ಮೇರಿ ಆಸ್ಟಿನ್ ಯಾರಿಗೂ ಹೇಳಿಲ್ಲ. ಕ್ಯಾಮೆರಾಗಳಿಗೆ ಸಿಗದೇ ಹೋದದ್ದು ಅದೊಂದೇ.

1992ರ ಏಪ್ರಿಲ್ 20ರಂದು ಉಳಿದ ಮೂವರು ಅದೇ ವೆಂಬ್ಲಿಯಲ್ಲಿ ಸ್ಮರಣೆಯ ಕಾರ್ಯಕ್ರಮ ಮಾಡಿದರು. ಹೇಳಿಕೊಳ್ಳಲೂ ಜನ ನಾಚುತ್ತಿದ್ದ ಕಾಯಿಲೆಯ ಹೆಸರನ್ನು ಆ ವೇದಿಕೆಯಲ್ಲಿ ಗಟ್ಟಿಯಾಗಿ ಹೇಳಿದರು. ಬಂದ ಹಣದಿಂದ ಹುಟ್ಟಿದ ಮರ್ಕ್ಯುರಿ ಫೀನಿಕ್ಸ್ ಟ್ರಸ್ಟ್ ಏಡ್ಸ್ ವಿರುದ್ಧ ಕೆಲಸ ಮಾಡುತ್ತಾ ಬಂದಿದೆ. ಇದೂ ಒಂದು ನೆನಪಿನ ರೀತಿ. ಸಾವನ್ನು ಮುಚ್ಚಿಡಲಿಲ್ಲ, ಸಾವನ್ನೇ ಮಾರಲೂ ಇಲ್ಲ.

ನಾನು ಸಿನಿಮಾದವರನ್ನು ಬೈಯುತ್ತಾ ಕೂರುವುದು ಸುಲಭ. ಆದರೆ ಯಾರೋ ಕಲಾವಿದರು ಹೋದರು ಅಂತ ಫೋನ್ ಬಂದ ತಕ್ಷಣ ನಮ್ಮ ನ್ಯೂಸ್‌ರೂಮ್‌ನಲ್ಲಿ ಏಳುವ ಮೊದಲ ಪ್ರಶ್ನೆ ಯಾವುದು ಗೊತ್ತಾ? 'ಏನಾಗಿತ್ತಂತೆ?' ಆಸ್ಪತ್ರೆ ಗೇಟಿಗೆ ಗಾಡಿ ಹೋಗುತ್ತೆ. ಕೊನೆಯ ವಿಡಿಯೋ ಹುಡುಕುತ್ತೇವೆ. ಆತ ಜೀವನ ಪೂರ್ತಿ ಏನು ಮಾಡಿದ ಅನ್ನುವುದು ರಾತ್ರಿ ಹತ್ತರ ನಂತರ, ಜಾಗ ಉಳಿದರೆ. ಆ ಪ್ರಶ್ನೆ ಎಷ್ಟೋ ಸಲ ನನ್ನ ಬಾಯಿಂದಲೇ ಬಂದಿದೆ.

ಅದಕ್ಕೇ ಈಗ ಡೆಸ್ಕಿನ ಹುಡುಗರಿಗೆ ಒಂದು ಮಾತು ಹೇಳಿದ್ದೇನೆ. ಮುಂದಿನ ಸಲ ಇಂಥ ಫೋನ್ ಬಂದಾಗ ಮೊದಲ ಸ್ಟೋರಿ ಹುಟ್ಟಿದ ಊರಿನಿಂದ ಶುರುವಾಗಲಿ. ಆಸ್ಪತ್ರೆ ಕೊನೆಗೆ ಬರಲಿ. ಆತನ ಬದುಕಿನಲ್ಲೂ ಅದು ಬಂದದ್ದು ಕೊನೆಗೇ ಅಲ್ವಾ?