ನೈಲ್ ದಂಡೆಯ ಬಿಸಿಲು ಯಂತ್ರ

ಸೌರಶಕ್ತಿ ಎಂದೊಡನೆ ಅದು ನಮ್ಮ ಕಾಲದ ಹೊಸ ಸಂಗತಿ ಎಂದೇ ನಾವು ಭಾವಿಸುತ್ತೇವೆ. ಬೀದಿ ದೀಪದ ನೆತ್ತಿಯ ಪುಟ್ಟ ಪ್ಯಾನೆಲ್, ತಾರಸಿಯ ಮೇಲೆ ಸ್ನಾನದ ನೀರು ಕಾಯಿಸುವ ಸೋಲಾರ್, ಹೊಲದ ಅಂಚಿನ ಸೌರ ಪಂಪು ಇವೆಲ್ಲ ನಮ್ಮ ಕಣ್ಣೆದುರೇ ಬಂದವು. ಆದರೆ ಬಿಸಿಲಿನಿಂದ ಯಂತ್ರ ನಡೆಸುವ ವಿದ್ಯೆ ನೂರು ವರ್ಷಗಳಿಗೂ ಹಿಂದೆಯೇ ಮನುಷ್ಯನ ಕೈಗೆ ಬಂದಿತ್ತು. ಕೈಗೆ ಬಂದದ್ದು ಜಾರಿಹೋದದ್ದು ಹೇಗೆ? ಇದಕ್ಕೆ ಉತ್ತರವನ್ನು ವಿಜ್ಞಾನದ ಪುಸ್ತಕಗಳಿಗಿಂತ ಇತಿಹಾಸದ ಪುಟಗಳಲ್ಲಿ ಹುಡುಕಬೇಕು.

ಕಲ್ಲಿದ್ದಲು ಜಗತ್ತನ್ನು ಆಳುತ್ತಿದ್ದ ದಿನಗಳಲ್ಲೇ ಫ್ರಾನ್ಸಿನ ಗಣಿತದ ಮೇಷ್ಟರೊಬ್ಬರಿಗೆ ಅದು ಮುಗಿದ ಮೇಲೆ ಮುಂದೇನು ಎಂಬ ಚಿಂತೆ ಹತ್ತಿತ್ತು. ಅವರ ಹೆಸರು ಅಗಸ್ಟಿನ್ ಮೂಶೋ. 1878ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅವರು ದೊಡ್ಡ ಕನ್ನಡಿಯೊಂದರಿಂದ ಬಿಸಿಲನ್ನು ಹಿಡಿದು, ಹಬೆಯೆಬ್ಬಿಸಿ, ಅದರ ಬಲದಿಂದ ಮಂಜುಗಡ್ಡೆಯನ್ನೇ ತಯಾರಿಸಿ ತೋರಿಸಿದರು. ಬಿಸಿಲಿನಿಂದ ಹುಟ್ಟಿದ ಮಂಜುಗಡ್ಡೆ! ಅದೇ ವರ್ಷ ನಮ್ಮ ಮುಂಬಯಿಯಲ್ಲಿ ವಿಲಿಯಂ ಆಡಮ್ಸ್ ಎಂಬ ಬ್ರಿಟಿಷ್ ಅಧಿಕಾರಿ, ಉಷ್ಣದೇಶಗಳಲ್ಲಿ ಉರುವಲಿಗೆ ಬದಲು ಬಿಸಿಲನ್ನೇ ಬಳಸಬಹುದೆಂದು ಪುಸ್ತಕ ಬರೆದ. ಬರೆದು ಸುಮ್ಮನಾಗದೆ, ಸಾಲಾಗಿ ಜೋಡಿಸಿದ ಚಪ್ಪಟೆ ಕನ್ನಡಿಗಳಿಂದ ಹಬೆಯ ಪಂಪನ್ನೂ ನಡೆಸಿದ. ಆದರೆ ಫ್ರಾನ್ಸಿನಲ್ಲಿ ಕಲ್ಲಿದ್ದಲು ಅಗ್ಗವಾಯಿತು, ಸರಕಾರ ಮೂಶೋರ ಕೈಬಿಟ್ಟಿತು. ಆಡಮ್ಸನ ಪ್ರಯೋಗವೂ ಮರೆತುಹೋಯಿತು.

ಮೂವತ್ತು ವರ್ಷಗಳ ಬಳಿಕ ಈ ಕನಸನ್ನು ಮತ್ತೆ ಎತ್ತಿಕೊಂಡವನು ಅಮೆರಿಕದ ಫಿಲಡೆಲ್ಫಿಯಾದ ಫ್ರಾಂಕ್ ಶೂಮನ್. ಒಳಗೆ ತಂತಿಬಲೆ ಹೊಂದಿದ, ಒಡೆದರೂ ಚೂರುಚೂರಾಗಿ ಉದುರದ ಗಾಜನ್ನು ರೂಪಿಸಿ ಹೆಸರು ಮಾಡಿದ್ದವನು ಅವನು. ತನ್ನ ಊರಿನಲ್ಲೇ ಸಣ್ಣ ಬಿಸಿಲು ಯಂತ್ರಗಳನ್ನು ಮಾಡಿ ನೋಡಿದ ಶೂಮನ್‌ಗೆ ಒಂದು ವಿಷಯ ಖಚಿತವಾಯಿತು: ಇದಕ್ಕೆ ಬಿಸಿಲು ಧಾರಾಳವಾಗಿರುವ, ಕಲ್ಲಿದ್ದಲು ತುಟ್ಟಿಯಾಗಿರುವ ನಾಡು ಬೇಕು. ಅಂಥ ನಾಡು ಈಜಿಪ್ಟ್. ಅಲ್ಲಿಗೆ ಕಲ್ಲಿದ್ದಲು ಹಡಗಿನಲ್ಲಿ ಇಂಗ್ಲೆಂಡಿನಿಂದ ಬರಬೇಕಿತ್ತು.

ಬ್ರಿಟಿಷ್ ಬಂಡವಾಳದ ನೆರವಿನಿಂದ ಕೈರೋದ ದಕ್ಷಿಣಕ್ಕೆ, ನೈಲ್ ನದಿಯ ಬದಿಯ ಮಆದಿಯಲ್ಲಿ ಶೂಮನ್ ತನ್ನ ಸ್ಥಾವರ ಕಟ್ಟಿದ. ಉದ್ದನೆಯ ದೋಣಿಯಂತೆ ಬಾಗಿದ ಐದು ಕನ್ನಡಿ ಸಾಲುಗಳು, ಒಂದೊಂದೂ 204 ಅಡಿ ಉದ್ದ. ಬೆಳಿಗ್ಗೆಯಿಂದ ಸಂಜೆಯವರೆಗೆ ಅವು ಸೂರ್ಯನತ್ತಲೇ ಮುಖ ಹೊರಳಿಸುತ್ತಿದ್ದವು. ನಡುವಿನ ಬಾಯ್ಲರಿನಲ್ಲಿ ನೀರು ಕಾದು ಹಬೆಯಾಗಿ ಎಂಜಿನನ್ನು ತಿರುಗಿಸುತ್ತಿತ್ತು. ಮೊದಲ ಪ್ರಯತ್ನದಲ್ಲಿ ಸತುವಿನ ಬಾಯ್ಲರುಗಳು ಶಾಖ ತಾಳಲಾರದೆ ಜೋತುಬಿದ್ದವು. ಶೂಮನ್ ಎದೆಗುಂದಲಿಲ್ಲ, ಎರಕದ ಕಬ್ಬಿಣದ ಬಾಯ್ಲರುಗಳನ್ನು ಕೂರಿಸಿದ. 1913ರಲ್ಲಿ ಯಂತ್ರ ಚಾಲೂ ಆಯಿತು. ಐವತ್ತಕ್ಕೂ ಹೆಚ್ಚು ಅಶ್ವಶಕ್ತಿಯ ಆ ಎಂಜಿನ್ ನಿಮಿಷಕ್ಕೆ ಸುಮಾರು 22,000 ಲೀಟರ್ ನೈಲ್ ನೀರನ್ನು ಹತ್ತಿಯ ಹೊಲಗಳಿಗೆ ಎತ್ತಿ ಹರಿಸಬಲ್ಲದಾಗಿತ್ತು. ಒಂದು ಚೂರು ಕಲ್ಲಿದ್ದಲಿಲ್ಲ, ಒಂದು ಕಟ್ಟು ಸೌದೆಯಿಲ್ಲ.

ಆಗ ಈಜಿಪ್ಟಿನಲ್ಲಿ ಬ್ರಿಟಿಷರ ಪರವಾಗಿ ಅಧಿಕಾರ ನಡೆಸುತ್ತಿದ್ದವನು ಲಾರ್ಡ್ ಕಿಚನರ್, ಕೆಲವೇ ವರ್ಷಗಳ ಹಿಂದೆ ಭಾರತದಲ್ಲಿ ಸೇನಾಧಿಪತಿಯಾಗಿದ್ದವನು. ಅವನು ಮೆಚ್ಚಿ, ಸುಡಾನಿನಲ್ಲಿ 30,000 ಎಕರೆ ಹತ್ತಿಯ ಭೂಮಿಯನ್ನು ಕೊಡಲು ಮುಂದಾದ. ಜರ್ಮನಿಯ ಸರಕಾರವೂ ತನ್ನ ಆಫ್ರಿಕಾ ವಸಾಹತುಗಳಿಗಾಗಿ ಹಣ ಕೊಡಲು ಒಪ್ಪಿತು. ಸಹಾರಾದಲ್ಲಿ 20,250 ಚದರ ಮೈಲಿಯಷ್ಟು ಕನ್ನಡಿ ಹರಡಿದರೆ ಜಗತ್ತು ಸುಡುವ ಇಂಧನಕ್ಕೆಲ್ಲ ಸಾಟಿಯಾಗುತ್ತದೆ ಎಂದು ಶೂಮನ್ ಲೆಕ್ಕ ಹಾಕಿದ.

ಇಲ್ಲಿ ನಾವು ಒಂದು ಗಳಿಗೆ ನಿಲ್ಲಬೇಕು. ಕಿಚನರನಿಗೆ ಬಿಸಿಲಿನ ಮೇಲೆ ಅಷ್ಟೊಂದು ಪ್ರೀತಿ ಏಕೆ? ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳಿಗೆ ಹತ್ತಿ ಬೇಕಿತ್ತು. ಬಿಸಿಲು ಆಫ್ರಿಕಾದ್ದು, ನದಿ ಆಫ್ರಿಕಾದ್ದು, ಹೊಲದಲ್ಲಿ ಬೆವರು ಹರಿಸುವವರು ಅಲ್ಲಿನ ಫಲ್ಲಾಹರು. ಯಂತ್ರ, ಹತ್ತಿ, ಲಾಭ ಮಾತ್ರ ಪರದೇಶದ್ದು. ಶುದ್ಧ ಇಂಧನವಿದ್ದ ಮಾತ್ರಕ್ಕೆ ವ್ಯವಸ್ಥೆಯೂ ಶುದ್ಧವಾಗಿರುತ್ತದೆ ಎಂದೇನಿಲ್ಲ.

1914ರಲ್ಲಿ ಎರಡು ಘಟನೆಗಳು ನಡೆದವು. ಪರ್ಷಿಯಾದ ತೈಲ ತೆಗೆಯುತ್ತಿದ್ದ ಆಂಗ್ಲೋ-ಪರ್ಷಿಯನ್ ಕಂಪೆನಿಯ ಬಹುಪಾಲು ಷೇರುಗಳನ್ನು ಬ್ರಿಟಿಷ್ ಸರಕಾರ ಕೊಂಡುಕೊಂಡಿತು. ಅದರ ಯುದ್ಧನೌಕೆಗಳಿಗೆ ಎಣ್ಣೆ ಬೇಕಿತ್ತು. ಅದಾಗಿ ಕೆಲವೇ ವಾರಗಳಲ್ಲಿ ಮಹಾಯುದ್ಧ ಆರಂಭವಾಯಿತು. ಮಆದಿಯ ಎಂಜಿನಿಯರುಗಳು ತಂತಮ್ಮ ದೇಶಗಳಿಗೆ ಮರಳಿದರು, ಸ್ಥಾವರ ನಿಂತುಹೋಯಿತು. ಯುದ್ಧ ಮುಗಿಯುವ ಮುನ್ನವೇ, 1918ರಲ್ಲಿ, ಶೂಮನ್ ತೀರಿಕೊಂಡ. ಬಿಸಿಲು ಸೋಲಲಿಲ್ಲ. ಎಣ್ಣೆಯ ಬೆನ್ನಿಗೆ ಸಾಮ್ರಾಜ್ಯವೇ ನಿಂತಿತು, ಅಷ್ಟೆ.

ಮುಂದಿನ ಅರವತ್ತು ವರ್ಷ ಅಗ್ಗದ ಎಣ್ಣೆಯ ಕಾಲ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಬಿಸಿಲಿನಿಂದ ನೇರವಾಗಿ ವಿದ್ಯುತ್ ಕೊಡುವ ಸಿಲಿಕಾನ್ ಕೋಶವನ್ನು ತೋರಿಸಿದರೂ, ಅದರ ಬೆಲೆ ಬಾಹ್ಯಾಕಾಶದ ಉಪಗ್ರಹಗಳಿಗಷ್ಟೇ ಎಟುಕುವಂತಿತ್ತು. 1973ರಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹೇರಿ, ಕೆಲವೇ ತಿಂಗಳಲ್ಲಿ ಬೆಲೆ ನಾಲ್ಕು ಪಟ್ಟು ಏರಿದಾಗ ಜಗತ್ತಿಗೆ ಸೂರ್ಯ ಮತ್ತೆ ನೆನಪಾದ. 1979ರಲ್ಲಿ ಅಧ್ಯಕ್ಷ ಕಾರ್ಟರ್ ಶ್ವೇತಭವನದ ಮಾಡಿನ ಮೇಲೆ ನೀರು ಕಾಯಿಸುವ 32 ಸೌರ ಫಲಕಗಳನ್ನು ಹಾಕಿಸಿದರು. ಎಣ್ಣೆ ಮತ್ತೆ ಅಗ್ಗವಾದ 1986ರಲ್ಲಿ ರೇಗನ್ ಆಡಳಿತ ಅವನ್ನು ಕೆಳಗಿಳಿಸಿತು.

ಈ ಏರಿಳಿತವನ್ನು ಮುರಿದದ್ದು ಕಾನೂನು ಮತ್ತು ಕಾರ್ಖಾನೆ. 2000ದಲ್ಲಿ ಜರ್ಮನಿ ಸೌರ ವಿದ್ಯುತ್ ಉತ್ಪಾದಿಸುವವರಿಗೆ ಇಪ್ಪತ್ತು ವರ್ಷ ನಿಶ್ಚಿತ ದರ ಕೊಡುವ ಕಾನೂನು ತಂದಿತು. ಬೇಡಿಕೆ ಬೆಳೆಯಿತು, ಚೀನಾದ ಕಾರ್ಖಾನೆಗಳು ಅದನ್ನು ಪೂರೈಸಿದವು. 2010ರ ನಂತರದ ಒಂದು ದಶಕದಲ್ಲಿ ಪ್ಯಾನೆಲ್ಲುಗಳ ಬೆಲೆ ಹತ್ತಿರಹತ್ತಿರ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. 2022ರಲ್ಲಿ ಜಗತ್ತಿನ ಸೌರ ಸಾಮರ್ಥ್ಯ 10 ಲಕ್ಷ ಮೆಗಾವ್ಯಾಟ್ ದಾಟಿತು, 2024ರಲ್ಲಿ 20 ಲಕ್ಷ. ಜಲವಿದ್ಯುತ್ತು, ಗಾಳಿ ಮೊದಲಾದವನ್ನೂ ಸೇರಿಸಿದರೆ, 2023ರಲ್ಲಿ ಜಗತ್ತಿನ ವಿದ್ಯುತ್ತಿನ ಶೇಕಡಾ 30ರಷ್ಟು ಮರಳಿ ಮರಳಿ ದೊರೆಯುವ ಈ ಮೂಲಗಳಿಂದಲೇ ಬಂತು.

ಮಆದಿಯ ಆ ಬಾಗಿದ ಕನ್ನಡಿಗಳೂ ಮರಳಿ ಬಂದಿವೆ. 2016ರಲ್ಲಿ ಮೊರಾಕ್ಕೋದ ವಾರ್ಜಾಝಾತ್‌ನಲ್ಲಿ ಆರಂಭವಾದ 'ನೂರ್' ಸ್ಥಾವರದಲ್ಲಿ ಅಂಥವೇ ಕನ್ನಡಿ ಸಾಲುಗಳಿವೆ. ನೂರ್ ಎಂದರೆ ಬೆಳಕು. ಈಜಿಪ್ಟಿನಲ್ಲಿಯೂ 2019ರಲ್ಲಿ ಅಸ್ವಾನ್ ಬಳಿಯ ಬೆನ್ಬಾನ್ ಮರುಭೂಮಿಯಲ್ಲಿ ಬೃಹತ್ ಸೌರವನ ಎದ್ದುನಿಂತಿತು.

ನಮ್ಮ ಬರದ ನಾಡು ಪಾವಗಡದ ಸುಮಾರು 13,000 ಎಕರೆಯಲ್ಲಿ ಇಂದು 2,000 ಮೆಗಾವ್ಯಾಟ್‌ಗೂ ಮಿಕ್ಕ ಸೌರ ವಿದ್ಯುತ್ ಸಾಮರ್ಥ್ಯವಿದೆ. ಇಲ್ಲಿ ರೈತರ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಕಿಚನರನ ಕಾಲಕ್ಕಿಂತ ಇದು ಖಂಡಿತ ಮುಂದಿನ ಹೆಜ್ಜೆ. ಆದರೆ ಹೊಲವೇ ಇಲ್ಲದ, ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಹೆಂಗಸಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಗುತ್ತಿಗೆಯ ಹಣ ಬರುವುದಿಲ್ಲ.

ಮಆದಿಯ ಕನ್ನಡಿಗಳ ಮುಂದೆ ನಿಂತು ಆ ದಿನ ಯಾರೂ ಫಲ್ಲಾಹನನ್ನು ಮಾತನಾಡಿಸಲಿಲ್ಲ. ಬಿಸಿಲಿಗೆ ಒಡೆಯರಿಲ್ಲ, ಬಿಸಿಲು ಬೀಳುವ ನೆಲಕ್ಕೆ, ಅದನ್ನು ಹಿಡಿಯುವ ಯಂತ್ರಕ್ಕೆ ಒಡೆಯರಿದ್ದಾರೆ. ನೂರು ವರ್ಷ ತಡವಾಗಿ ಬಂದಿರುವ ಈ ಬೆಳಕು ಈ ಸಲವಾದರೂ ಕೂಲಿಯವರ ಗುಡಿಸಲನ್ನು ಮುಟ್ಟುವುದೇ? ಇದನ್ನು ಈಗಲೇ ಕೇಳಬೇಕಾದವರು ನಾವು.