ಕೊರಳ ಹಾರದಂಥ ಒಂದು ಸಂಖ್ಯೆ

ಅಮೋಘವರ್ಷ ನೃಪತುಂಗನ ಹೆಸರು ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವುದು ‘ಕವಿರಾಜಮಾರ್ಗ’. ಅದೇ ದೊರೆಯ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವನ್ನು ಸಾಹಿತ್ಯಾಸಕ್ತರು ಕೈಗೆತ್ತಿಕೊಳ್ಳುವುದು ಅಪರೂಪ. ಪದ್ಯರೂಪದ ಗ್ರಂಥವೊಂದನ್ನು ಬರಿಯ ಲೆಕ್ಕದ ಪುಸ್ತಕವೆಂದು ಬದಿಗಿಟ್ಟದ್ದರಿಂದ ನಷ್ಟವಾದದ್ದು ನಮಗೇ ಎಂದು ನನ್ನ ಭಾವನೆ.

ಅದರ ಗುಣಾಕಾರದ ಭಾಗದಲ್ಲಿ ಒಂದು ಲೆಕ್ಕವಿದೆ. 27994681ನ್ನು 441ರಿಂದ ಗುಣಿಸಬೇಕು. ಲಬ್ಧ 12345654321. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೇ ಇಳಿಯುವ ಸಂಖ್ಯೆ. ಈ ಬಗೆಯ ಲಬ್ಧಗಳನ್ನು ಆಚಾರ್ಯನು ಕೊರಳ ಹಾರಕ್ಕೆ ಹೋಲಿಸುತ್ತಾನೆ. ಹಾರದ ಹೊರಗಿನ ಅಂದಕ್ಕಿಂತ ಒಳಗಿನ ಕಟ್ಟು ಇನ್ನೂ ಸೊಗಸು. ಈ ಸಂಖ್ಯೆ 111111ರ ವರ್ಗ. 111111 ಎಂಬುದಾದರೋ 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಮೊದಲಿನ ಎರಡನ್ನು ಗುಣಿಸಿದರೆ 21. ಅದರ ವರ್ಗವೇ 441. ಉಳಿದ ಮೂರನ್ನು ಗುಣಿಸಿದರೆ 5291. ಅದರ ವರ್ಗ 27994681. ನೋಡಲು ಒರಟಾದ ಆ ಸಂಖ್ಯೆ ಎಲ್ಲಿಂದಲೋ ಬಂದುದಲ್ಲ. ಆಚಾರ್ಯನು ಹಾರವನ್ನು ಮೊದಲು ಕಂಡು, ಆಮೇಲೆ ಅದನ್ನು ಬಿಚ್ಚಿ ಶಿಷ್ಯನ ಮುಂದಿಟ್ಟಿರಬೇಕು.

ಗ್ರಂಥ ಉಳಿದು ಬಂದ ಬಗೆಗೂ ನಮ್ಮ ಸೀಮೆಗೂ ನಂಟಿದೆ. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದಾಗ, ಅವರಿಗೆ ಆಧಾರವಾದ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಒಂದಕ್ಕೆ ಮೂಲ ಕಾರ್ಕಳದ ನೆರೆಯ ಮೂಡುಬಿದಿರೆ. ಕಾರ್ಕಳದಲ್ಲಿ ವೀರಪಾಂಡ್ಯನು 1432ರಲ್ಲಿ ನಿಲ್ಲಿಸಿದ ಗೊಮ್ಮಟನನ್ನು ಕಾಣಲು ಉಡುಪಿ, ಮಣಿಪಾಲ, ಕಾಪುಗಳಿಂದ ಜನ ಹೋಗುತ್ತಲೇ ಇರುತ್ತಾರೆ. ಆದರೆ ಕಲ್ಲು ತಾನಾಗಿ ನಿಲ್ಲುತ್ತದೆ. ತಾಡವೋಲೆಯನ್ನು ಮಳೆನಾಡಿನ ತೇವವೂ ಹುಳುವೂ ತಿನ್ನುವ ಮೊದಲೇ ಯಾರಾದರೂ ಕುಳಿತು ನಕಲು ಮಾಡಬೇಕು. ಅಕ್ಷರ ತಪ್ಪಿದರೆ ಛಂದಸ್ಸು ಎಚ್ಚರಿಸೀತು. ಅಂಕಿ ತಪ್ಪಿದರೆ ಎಚ್ಚರಿಸುವವರಾರು? ಅದಕ್ಕೇ ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ಅಗ್ನಿಯೆಂದರೆ ಮೂರು ಎಂದು ಸಂಖ್ಯೆಗಳನ್ನು ಪದಗಳಲ್ಲಿ ಹೆಣೆಯುತ್ತಿದ್ದರು. ಆ ಪದಗಳನ್ನು ಬಿಡಿಸ್ಥಾನದಿಂದ ಎಡಕ್ಕೆ ಬರೆದುಕೊಳ್ಳುತ್ತ ಹೋಗಬೇಕು. ಹೊಸಬರು ಎಡವುವುದು ಅಲ್ಲಿಯೇ. ಹಾರದ ಸಂಖ್ಯೆಗೆ ಮಾತ್ರ ಆ ತೊಡಕಿಲ್ಲ. ಎತ್ತಲಿಂದ ಓದಿದರೂ ಅದು ಒಂದೇ. ಗುಣಿಸಿದಾಗ ಲಬ್ಧದ ಸಮತೆ ಕೆಟ್ಟಿತೆಂದರೆ, ಓಲೆಯಲ್ಲೋ ಲೆಕ್ಕದಲ್ಲೋ ದೋಷವಿದೆಯೆಂದು ತಿಳಿಯಬಹುದು.

ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಆಚಾರ್ಯನು ಹೆಸರು ಹೇಳಿದ್ದಾನೆ. ನಮ್ಮ ಹಾರ ತುಂಬುವುದು ಹನ್ನೊಂದನ್ನು ಮಾತ್ರ. ತೀರ್ಥಂಕರರೂ 24 ಮಂದಿ. ಕಾರ್ಕಳದಲ್ಲಿ 1586ರ ಚತುರ್ಮುಖ ಬಸದಿಯನ್ನು ಹೊಕ್ಕಾಗಲೆಲ್ಲ ನನಗೆ ಈ ಹೊಂದಿಕೆ ನೆನಪಾಗುತ್ತದೆ, ಅದರಲ್ಲಿ ಗುಟ್ಟಿದೆಯೆಂದು ಮಾತ್ರ ನಾನು ಹೇಳಲಾರೆ.

ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ. ಅದು ಸಿಗುವವರೆಗೆ, ಕಾಗದ ಪೆನ್ಸಿಲು ಹತ್ತಿರವಿರುವವರು 152207ನ್ನು 73ರಿಂದ ಗುಣಿಸಿ ನೋಡಬಹುದು. ಅದೂ ಆಚಾರ್ಯನದೇ ಲೆಕ್ಕ.