ಐವತ್ತರತ್ತ ಮಂಗಳಗಂಗೋತ್ರಿ: ಗಡಿಯ ಈಚೆಯಿಂದ ಒಂದು ಲೆಕ್ಕ

ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1980ರ ಸೆಪ್ಟೆಂಬರ್ 10ರಂದು. 2030ಕ್ಕೆ ಅದಕ್ಕೆ 50 ತುಂಬುತ್ತದೆ. ಸುವರ್ಣ ಮಹೋತ್ಸವ ಎಂದ ಮೇಲೆ ಹೊಸ ಕಟ್ಟಡ, ಸ್ಮರಣ ಸಂಚಿಕೆ, ಮುಂದಿನ 25 ವರ್ಷಗಳ ಯೋಜನೆ ಎಲ್ಲವೂ ಬರುತ್ತವೆ. ಬರಲಿ. ಆದರೆ ಅದರ ಚರಿತ್ರೆಯಲ್ಲಿ ಕಾಸರಗೋಡಿನವರಾದ ನಮ್ಮದೂ ಒಂದು ಪುಟ ಇದೆ. ಆ ಪುಟವನ್ನು ಈಗಲೇ ತೆರೆದು ನೋಡುವುದು ಒಳ್ಳೆಯದು.

1956ಕ್ಕೆ ಮೊದಲು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಇಡೀ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. ಕಾಲೇಜು ಎಂದರೆ ಮಂಗಳೂರು; 1880ರಲ್ಲಿ ಶುರುವಾದ ಸಂತ ಅಲೋಶಿಯಸ್‌ನಂಥ ಕಾಲೇಜು. ಪದವಿಯ ಮೇಲೆ ಬೀಳುವ ಮುದ್ರೆ ಮದ್ರಾಸ್ ವಿಶ್ವವಿದ್ಯಾನಿಲಯದ್ದು. ಅದು ದೂರದ ಮುದ್ರೆ ನಿಜ, ಆದರೆ ಉಳ್ಳಾಲದ ಹುಡುಗನಿಗೂ ಉಪ್ಪಳದ ಹುಡುಗನಿಗೂ ಅದೇ ಮುದ್ರೆ.

1956ರ ನವೆಂಬರ್ 1ರಂದು ರಾಜ್ಯಗಳು ಬೇರೆಯಾದವು. ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳಕ್ಕೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದು ಕಾಗದದಲ್ಲೇ ಉಳಿಯಿತು. ಅಂದಿನಿಂದ ವಿದ್ಯೆಯ ದಾರಿಯೂ ಎರಡಾಯಿತು.

ಈ ಎರಡು ದಾರಿಗಳ ಇಸವಿಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ವಿಚಿತ್ರ ಕಾಣುತ್ತದೆ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಕೊಣಾಜೆಯ ಗುಡ್ಡದ ಮೇಲೆ ಸ್ನಾತಕೋತ್ತರ ಕೇಂದ್ರ ತೆರೆಯಿತು, ಅದೇ ಮಂಗಳಗಂಗೋತ್ರಿ. ಅದೇ 1968ರಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾನಿಲಯ ಹುಟ್ಟಿ, ಕಾಸರಗೋಡಿನ ಸರಕಾರಿ ಕಾಲೇಜು ಅದರ ವ್ಯಾಪ್ತಿಗೆ ಬಂತು. 1980ರಲ್ಲಿ ಮಂಗಳಗಂಗೋತ್ರಿಯ ಕೇಂದ್ರ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಅದೇ 1980ರಲ್ಲಿ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈ ಅವರ ಹೆಸರಿನ ಸರಕಾರಿ ಕಾಲೇಜು ಶುರುವಾಯಿತು. ಗೋವಿಂದ ಪೈ ಕನ್ನಡದ ಕವಿ, ತುಳುನಾಡಿನ ಚರಿತ್ರೆ ಬಲ್ಲ ಸಂಶೋಧಕ. ಅವರ ಹೆಸರಿನ ಕಾಲೇಜಿಗೆ ಕೊಣಾಜೆ ಹತ್ತಿರ, ಆದರೆ ಅದರ ಕಾಗದಪತ್ರ ಮೊದಲು ಕಲ್ಲಿಕೋಟೆಗೆ, 1996ರ ನಂತರ ಕಣ್ಣೂರಿಗೆ.

ಮಂಗಳೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿ ಪ್ರೊ. ಬಿ. ಶೇಖ್ ಅಲಿ. ಮೈಸೂರು ಕಡೆಯವರು, ಚರಿತ್ರೆಯ ಪ್ರಾಧ್ಯಾಪಕರು, ಹೈದರ್ ಮತ್ತು ಟಿಪ್ಪು ಕಾಲದ ಬಗ್ಗೆ ಬರೆದವರು. ಮುಂದೆ ಗೋವಾ ವಿಶ್ವವಿದ್ಯಾನಿಲಯಕ್ಕೂ ಅವರೇ ಮೊದಲ ಕುಲಪತಿ. 2022ರಲ್ಲಿ ತೀರಿಕೊಂಡರು. ಕರಾವಳಿಯ ಎರಡು ವಿಶ್ವವಿದ್ಯಾನಿಲಯಗಳಿಗೆ ಅಡಿಪಾಯ ಹಾಕಿದ ಇವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು. ಸ್ಮರಣ ಸಂಚಿಕೆ ಬಂದಾಗ ಒಂದು ಫೋಟೊ ಹಾಕಿ ಮುಗಿಸುವ ಹೆಸರಲ್ಲ ಅದು.

ಇನ್ನು ಬೆಳವಣಿಗೆಯ ಮಾತು. ವಿಶ್ವವಿದ್ಯಾನಿಲಯ ಬೆಳೆಯಿತು ಎಂದರೆ ಕಾಲೇಜುಗಳ ಸಂಖ್ಯೆ ಹೆಚ್ಚಿತು ಎಂದು ತಿಳಿಯುವುದು ವಾಡಿಕೆ. ಮಂಗಳೂರಿನ ಮಟ್ಟಿಗೆ ಆ ಲೆಕ್ಕ ತಿರುಗುಮುರುಗಾಗಿದೆ. ವೈದ್ಯಕೀಯ ಕಾಲೇಜುಗಳಿಗೆ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾನಿಲಯ ಬಂತು, ಎಂಜಿನಿಯರಿಂಗ್ ಕಾಲೇಜುಗಳಿಗೆ 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ. ಪಕ್ಕದ ದೇರಳಕಟ್ಟೆಯಲ್ಲಿ ಯೇನೆಪೋಯ ಮತ್ತು ನಿಟ್ಟೆ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾನಿಲಯಗಳಾದವು. 2023ರಲ್ಲಿ ಕೊಡಗಿಗೆ ಬೇರೆ ವಿಶ್ವವಿದ್ಯಾನಿಲಯ ಶುರುವಾಯಿತು. ಎರಡೇ ವರ್ಷದಲ್ಲಿ ಅದನ್ನು ಮುಚ್ಚುವ ಮಾತೂ ಬಂತು. 2024ರಲ್ಲಿ ಸಂತ ಅಲೋಶಿಯಸ್ ಕೂಡ ಡೀಮ್ಡ್ ಆಗಿ ಹೊರಗೆ ನಡೆಯಿತು.

ಅಗಲಕ್ಕೆ ಬೆಳೆಯಲು ಇನ್ನು ಜಾಗ ಇಲ್ಲ. ಉಳಿದಿರುವುದು ಆಳಕ್ಕೆ ಇಳಿಯುವ ದಾರಿ. ಆ ದಾರಿಯಲ್ಲಿ ಬೇರೆ ಯಾರಲ್ಲೂ ಇಲ್ಲದ ಒಂದು ಬಂಡವಾಳ ಮಂಗಳಗಂಗೋತ್ರಿಗೆ ಇದೆ: ಸುತ್ತಲಿನ ಭಾಷೆಗಳು. ತುಳು, ಕೊಂಕಣಿ, ಬ್ಯಾರಿ ಭಾಷೆಗಳಿಗೆ ಅಲ್ಲಿ ಅಧ್ಯಯನ ಪೀಠಗಳಿವೆ. 2009ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದ ಮೇಲೆ ನಮ್ಮ ಮಾತಿಗೆ ಸರಕಾರದ ಮನ್ನಣೆಯೂ ಸಿಕ್ಕಿತು. ಆದರೆ ಅಕಾಡೆಮಿ ಕರ್ನಾಟಕದ್ದು, ಪೀಠ ಮಂಗಳೂರಿನದು. ಬ್ಯಾರಿ ಮಾತು ತಲಪಾಡಿಯ ಗೇಟಿನಲ್ಲಿ ನಿಲ್ಲುವುದಿಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆಯ ಮನೆಗಳಲ್ಲೂ ಅದೇ ಮಾತು.

2020ರ ಮಾರ್ಚ್‌ನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ಈ ಸತ್ಯ ಎಲ್ಲರಿಗೂ ಗೊತ್ತಾಯಿತು. ಮಂಗಳೂರಿನ ಆಸ್ಪತ್ರೆ, ಕಾಲೇಜು, ಕೆಲಸ ನಂಬಿದವರು ಈಚೆ ಸಿಕ್ಕಿಹಾಕಿಕೊಂಡರು. ಮಣ್ಣು ತೆಗೆದಾಯಿತು. ಆದರೆ ಮಂಗಳೂರಿನಲ್ಲಿ ಓದಿ ಬಂದ ನಮ್ಮ ಮಕ್ಕಳು ಕೇರಳದಲ್ಲಿ ಕೆಲಸಕ್ಕೆ ಅರ್ಜಿ ಹಾಕುವಾಗ ತತ್ಸಮಾನ ಪ್ರಮಾಣಪತ್ರಕ್ಕೆ ಓಡಾಡುವುದು ಇನ್ನೂ ತಪ್ಪಿಲ್ಲ.

ಹಾಗಾಗಿ 2030ರ ಯೋಜನೆಯಲ್ಲಿ ಎರಡು ಸಂಗತಿ ಇದ್ದರೆ ಸಾಕು ಎಂದು ನನಗನಿಸುತ್ತದೆ. ಒಂದು, ಕಣ್ಣೂರು ಮತ್ತು ಮಂಗಳೂರು ವಿಶ್ವವಿದ್ಯಾನಿಲಯಗಳು ಕೂತು ಮಾತಾಡಿ ಗಡಿಯ ವಿದ್ಯಾರ್ಥಿಗಳ ಪದವಿ, ಪ್ರವೇಶದ ತೊಡಕು ಬಿಡಿಸುವುದು. ಎರಡು, ಗಡಿನಾಡಿನ ದಾಖಲೆಗಳಿಗೆ ಕೊಣಾಜೆಯಲ್ಲಿ ಒಂದು ಕೋಣೆ.

ದಾಖಲೆ ಎಂದರೆ ತಾಮ್ರಪಟವೇ ಆಗಬೇಕಿಲ್ಲ. ನಮ್ಮ ಅಂಗಡಿಯಲ್ಲಿ ಬಾಪನ ಹಳೆಯ ಲೆಕ್ಕದ ಪುಸ್ತಕಗಳಿವೆ. ವ್ಯಾಪಾರದ ಮಾತು ಬ್ಯಾರಿ, ಬರಹ ಕನ್ನಡ, ನಡುವೆ ಸಿಕ್ಕಿಸಿದ ಸರಕಿನ ಚೀಟಿ ಮಲಯಾಳದ್ದು. ಯಾರು ಯಾರಿಗೆ ಸಾಲ ಕೊಟ್ಟರು, ಅಡಿಕೆ ಎಲ್ಲಿಗೆ ಹೋಯಿತು, ಅಕ್ಕಿ ಎಲ್ಲಿಂದ ಬಂತು ಎಲ್ಲ ಅದರಲ್ಲಿದೆ. ಇಂಥ ಪುಸ್ತಕ ಎಷ್ಟೋ ಮನೆಯ ಅಟ್ಟದಲ್ಲಿ ಗೆದ್ದಲು ತಿನ್ನುತ್ತಿವೆ. ಮಸೀದಿಯ ಹಳೆಯ ದಫ್ತರ, ಗಲ್ಫಿನಿಂದ ಬಂದ ಪತ್ರ, ಉಮ್ಮಂದಿರು ಹಾಡುತ್ತಿದ್ದ ಮದುವೆ ಹಾಡು ಕೂಡ ಚರಿತ್ರೆಯೇ.

ವಿಶ್ವವಿದ್ಯಾನಿಲಯ ಕೋಣೆ ಕೊಡಬಹುದು, ಕೊಡದೆಯೂ ಇರಬಹುದು. ಅಟ್ಟ ಹತ್ತುವ ಕೆಲಸ ನಮ್ಮದು. ಈ ಮಳೆಗಾಲಕ್ಕೆ ಮೊದಲು ಪುಸ್ತಕಗಳನ್ನು ಕೆಳಗಿಳಿಸಿ, ಬಿಸಿಲಿಗೆ ಹಾಕಿ, ಒಂದೊಂದು ಪುಟದ ಫೋಟೊ ತೆಗೆದಿಡಿ.